ಹಕ್ಕುಪತ್ರ ಬರುವ ತನಕ

೨೦೦೯ರ ಫೆಬ್ರವರಿ, ಒಂದು ಮಂಗಳವಾರ, ಬೆಳಗಿನ ಏಳು ಗಂಟೆ. ಸಂಡೂರಿನಲ್ಲಿ ನಮ್ಮ ಆಸ್ಪತ್ರೆಯ ಹಿಂದಿನ ಓಣಿ. ಇದ್ದವರು ನಾನು, ಮೆಟ್ರಿಯಿಂದ ಹಿಂದಿನ ದಿನವೇ ಬಂದಿದ್ದ, ನಮ್ಮ ಆಸ್ಪತ್ರೆಯ ಆಯಾಳ ತಂಗಿ ಮತ್ತು ಮನೆ ಮಾಲೀಕರು. ಆಯಾಳನ್ನು ಓಣಿಯಲ್ಲಿ, ತಾಡಪತ್ರಿಯ ಕೆಳಗೆ ಮಲಗಿಸಿದ್ದೆವು. ಹೊದಿಕೆಯಿಂದ ಬಲಗೈ ಹೊರಗೆ ಬಂದಿತ್ತು. ಅಗಲವಾದ ಅಂಗೈ, ಫಿನಾಯಿಲು, ಬಿಸಿನೀರಿಗೆ ಬಿಳಿಚಿ ಸೀಳಿಹೋದ ಬೆರಳ ತುದಿಗಳು. ಆ ಕೈಯನ್ನು ಒಳಗೆ ಸೇರಿಸಿದೆ.

ಹತ್ತು ದಿನದ ಕೆಮ್ಮು-ಜ್ವರ. ಪ್ರಾಣ ಹೋದದ್ದು ಆಕೆಯ ಬಾಡಿಗೆ ಕೋಣೆಯ ಒಳಗೆ. ಹೊರಗೆ ತಂದದ್ದು ಮಾಲೀಕರ ಮಾತಿಗೆ.

"ಬಾಡಿಗಿ ಮನ್ಯಾಗ ಹೆಣ ಇಟ್ರ ಮುಂದ ಯಾರು ಬರ್ತಾರ್ರೀ ಸಿಸ್ಟರ್? ತಪ್ಪು ತಿಳ್ಕೋಬ್ಯಾಡ್ರಿ."

ಅವರು ಕೆಟ್ಟವರಲ್ಲ. ತಾಡಪತ್ರಿ ಅವರೇ ಕೊಟ್ಟರು. ನನ್ನ ವಸತಿಗೃಹಕ್ಕೆ ಒಯ್ಯೋಣ ಎಂದೆ. ತಂಗಿ ತಲೆ ಅಲ್ಲಾಡಿಸಿದಳು. "ಅದೂ ನಿಮ್ದಲ್ಲಲ್ರೀ. ಸರ್ಕಾರದ್ದು."

ನಾನು ಆ ಆಸ್ಪತ್ರೆಯಲ್ಲಿ ನರ್ಸ್. ತರಬೇತಿಯಲ್ಲಿ ನನಗೆ ಕಲಿಸಿದ್ದು ಗಡಿಯಾರ: ಇಷ್ಟು ಗಂಟೆಗೆ ನಾಡಿ, ಇಷ್ಟಕ್ಕೆ ಜ್ವರ, ಇಷ್ಟಕ್ಕೆ ಹಾಸಿಗೆ. ನಾನು ಬಂದ ಹೊಸತರಲ್ಲಿ ಬಂಡ್ರಿಯ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ಬಂದು ಬೆಳಗಿನಿಂದ ನರಳುತ್ತಿದ್ದಳು. ನಾನು ಐದೈದು ನಿಮಿಷಕ್ಕೆ ಕೈಗಡಿಯಾರ ನೋಡುತ್ತಿದ್ದೆ. ಆಯಾ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು.

"ಗಡಿಯಾರ ಹಡಿಯಂಗಿಲ್ರಿ ಸಿಸ್ಟರಮ್ಮ. ಆಕಿ ಮಾರಿ ನೋಡ್ರಿ."

"ಇನ್ನೂ ಎಷ್ಟೊತ್ತು?"

"ಬರೋ ಕೂಸಿಗೆ ದಾರಿ ಗೊತ್ತೈತಿ. ನಮ್ದು ಕೈ ಇಟ್ಕೊಂಡು ಕುಂದ್ರೋ ಕೆಲ್ಸ."

"ನಿನಗೇನ್ ಆಯಮ್ಮ, ಕುಂತು ಹೇಳ್ತಿ" ಎಂದು ಹುಡುಗಿ ನೋವಿನಲ್ಲೇ ಸಿಡುಕಿದಳು.

"ಬೈಯಿ, ಇನ್ನಷ್ಟು ಬೈಯಿ. ಬೈಯೋ ಶಕ್ತಿ ಇದ್ರ ಹಡಿಯೋ ಶಕ್ತಿನೂ ಐತಿ."

ಮಧ್ಯಾಹ್ನ ಮಗು ಬಂತು. ಕಾಯುವುದು ಎಂದರೇನು ಎಂದು ನನಗೆ ಕಲಿಸಿದವಳು ಆಕೆ. ತಿರುಗಿ ನಾನು ಆಕೆಗೆ ಕಲಿಸಿದ್ದು ಬೇರೆ.

ಆಕೆಗೆ ಬೇಕಾಗಿದ್ದದ್ದು ಒಂದು ಸ್ವಂತ ಮನೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಒಬ್ಬಾಕಿಗೆ ಮನಿ ಯಾಕ ಎಂದು ಕೇಳಿದವರಿಗೆ, "ಒಬ್ಬಾಕಿನೂ ಕಾಲು ಚಾಚ್ತಾಳಲ್ರೀ" ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಹಂಪಿಗೆ ಹೋಗಿ, ಮನೆ ಬೇಡಿಕೊಳ್ಳುವವರು ಮಾಡುವಂತೆ, ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಬರುತ್ತಿದ್ದಳು. "ಹೋದ ವರ್ಷದ್ದು ಬಿದ್ದಿತ್ರಿ. ಮಂಗ್ಯಾ ಕೆಡವಿರ್ಬೇಕು. ದ್ಯಾವ್ರು ನನ್ನ ಗೌಂಡಿ ಮಾಡಿಬಿಟ್ಟಾನ" ಎಂದು ನಗುತ್ತಿದ್ದಳು. ಅದಿರಿನ ಭರಾಟೆ ಶುರುವಾದ ಮೇಲೆ ಹೊರಗಿನಿಂದ ಬಂದ ಲಾರಿಯವರು ಊರಿನ ಕೋಣೆಗಳನ್ನೆಲ್ಲ ಹಿಡಿದರು. ಎರಡು ವರ್ಷದಲ್ಲಿ ಆಕೆ ನಾಲ್ಕು ಸಲ ಗಂಟುಮೂಟೆ ಕಟ್ಟಿ, ಕಡೆಗೆ ಈ ಓಣಿಯ ಕೋಣೆಗೆ ಬಂದಳು.

ಕೊನೆಗೆ ಬಡವರಿಗೆ ಕೊಡುವ ನಿವೇಶನದ ಪಟ್ಟಿಯಲ್ಲಿ ಆಕೆಯ ಹೆಸರು ಬಂತು. ಊರಾಚೆ ಇಳಿಜಾರಿನಲ್ಲಿ ಸುಣ್ಣದ ಗೆರೆ ಎಳೆದ ಜಾಗ. ಉಳಿದವರು ಮರುದಿನವೇ ತಮ್ಮ ತಮ್ಮ ಗೆರೆಯೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿ, ಹಾಲು ಉಕ್ಕಿಸಿ, ಮೇಲೆ ತಗಡು ಹೊದಿಸಿದರು. ಆಯಾ ಎರಡು ದಿನ ರಜೆ ಕೇಳಲು ಬಂದಳು.

"ಒಲಿ ಹತ್ತಿತು ಅಂದ್ರ ಮನಿ ಆದಂಗ್ರಿ. ನಾನೂ ಮೂರು ಕಲ್ಲು ಇಟ್ಟು ಬರ್ತೀನಿ."

ನಾನು ನಿಯಮ ಹೇಳಿದೆ. "ಹಕ್ಕುಪತ್ರ ಬಂದಿಲ್ಲ ಆಯಮ್ಮ. ಕಾಗದ ಇಲ್ದ ಕಲ್ಲಿಟ್ರ ಅದು ಒತ್ತುವರಿ. ಯಾರಾದ್ರೂ ದೂರು ಕೊಟ್ರ ನಿನ್ನ ಕೆಲ್ಸಕ್ಕ ಕುತ್ತು. ನಂಬಿಕಿ ಇಟ್ಟು ಕಾಯಿ."

"ಓದಿದೋರು ನೀವು. ನೀವಂದ್ರ ಆತು." ಆಕೆ ಹೋಗಿ ವಾರ್ಡಿನ ಬಟ್ಟೆ ಕುದಿಸಲು ಇಟ್ಟಳು.

ಹದಿನಾಲ್ಕು ತಿಂಗಳು ಕಾದಳು. ತಿಂಗಳಿಗೊಂದು ಅರ್ಜಿ ನಾನೇ ಬರೆದೆ, ದುಂಡನೆಯ ಅಕ್ಷರದಲ್ಲಿ, ಅಂಚು ಬಿಟ್ಟು. ಆಕೆ ಹೆಬ್ಬೆಟ್ಟು ಒತ್ತಿದಳು. ಅಷ್ಟರಲ್ಲಿ ಇಳಿಜಾರಿನ ಕೆಳಗೆ ಅದಿರು ರಾಶಿ ಹಾಕುವ ಅಂಗಳ ಬಂತು. ಅದು ಮೇಲಕ್ಕೆ ಬೆಳೆಯಿತು. ನೆಲ ಸಮ ಮಾಡುವ ಯಂತ್ರ ಬಂದ ದಿನ ಒಲೆ ಇದ್ದವರು ಒಲೆಯ ಮುಂದೆ ಕುಳಿತುಬಿಟ್ಟರು. ಯಂತ್ರ ಅವರನ್ನು ಸುತ್ತಿ ಹೋಯಿತು. ಆಕೆಯ ಗೆರೆಯೊಳಗೆ ಒಂದು ಜಾಲಿ ಗಿಡ ಬಿಟ್ಟರೆ ಏನೂ ಇರಲಿಲ್ಲ. ವಾರದೊಳಗೆ ಅಲ್ಲಿ ಅದಿರಿನ ಗುಡ್ಡ ನಿಂತಿತು.

ನಾನು ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತ ಕಡತ ತೆರೆದು ಬೆರಳಿಟ್ಟು ತೋರಿಸಿದ.

"ಖಾಲಿ ಜಾಗ ಅಂತ ಬರ್ದಾರ ನೋಡ್ರಿ. ಯಾರರ ಇದ್ದಿದ್ರ ಒಂದು ಒಲಿನಾದ್ರೂ ಇರ್ತಿತ್ತಲ್ರೀ?"

ಎರಡು ತಿಂಗಳ ಮೇಲೆ ಹಕ್ಕುಪತ್ರ ಬಂತು. ಹೆಸರು ಸರಿ, ಸಂಖ್ಯೆ ಸರಿ, ಮುದ್ರೆ ಸರಿ. ಆಯಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟಳು.

"ನಿಮ್ಮ ಕಾಗದ ಬಂತ್ರಿ ಸಿಸ್ಟರಮ್ಮ."

ನನ್ನ ಕಾಗದ ಎನ್ನಲಿಲ್ಲ. ಅದರ ಬಗ್ಗೆ ಆಕೆ ಆಡಿದ್ದು ಅದೊಂದೇ ಮಾತು. ನನಗೆ ಬೆಳಗಿನ ಚಹಾ ತರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹಂಪಿಗೆ ಹೋಗುವುದನ್ನು ಮಾತ್ರ ಬಿಟ್ಟಳು. ಯಾಕೆಂದು ಕೇಳಿದರೆ "ಮೊಣಕಾಲು ನೋವ್ರಿ" ಎಂದಳು. ಅದೇ ಮೊಣಕಾಲಿನಲ್ಲಿ ದಿನವಿಡೀ ವಾರ್ಡು ಸುತ್ತುತ್ತಿದ್ದಳು.

ತಾಳ್ಮೆ ದೊಡ್ಡ ಗುಣ ಎನ್ನುವವರ ಮುಂದೆ ನಾನು ಈಗ ಸುಮ್ಮನಿರುತ್ತೇನೆ. ಕಾಯಿ ಎಂದವಳಿಗೆ ಮಲಗಲು ವಸತಿಗೃಹ ಇತ್ತು. ಕಾದವಳಿಗೆ ಇರಲಿಲ್ಲ.

ಆ ಮಂಗಳವಾರ ಹನ್ನೊಂದಕ್ಕೆ ಮಣ್ಣು ಮಾಡಿದೆವು. ತಂಗಿ ನಾಲ್ಕರ ಬಸ್ಸಿಗೆ ಆಕೆಯ ಟ್ರಂಕು ಹೊತ್ತು ಹೊರಟಳು. ಹಕ್ಕುಪತ್ರ ಅದರ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗಿತ್ತು. "ಇದನ್ನ ಏನ್ ಮಾಡ್ಲಿ ಸಿಸ್ಟರ್?" ಎಂದು ಕೇಳಿದಳು.

ಕೋಣೆ ಗುಡಿಸಿ, ಎರಡು ಬಕೆಟ್ ನೀರು ಹಾಕಿ ತೊಳೆದೆ. ಮಾಲೀಕರು ಬಂದು ಗೋಡೆಗಳನ್ನು ಒಂದೊಂದಾಗಿ ನೋಡಿದರು. ಬಾಡಿಗೆಯವರು ಮೊಳೆ ಹೊಡೆದು ಗಿಲಾವು ಕೆಡಿಸಿರುತ್ತಾರಂತೆ. ಆ ಕೋಣೆಯಲ್ಲಿದ್ದ ನಾಲ್ಕು ವರ್ಷದಲ್ಲಿ ಆಕೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

ಕೀಲಿಕೈ ಕೊಟ್ಟೆ. ಐದೂವರೆಯಾಗಿತ್ತು.