ನೆಂಟರಿಲ್ಲದ ಮಷಿನ್ನು

ಮಾಲು ನೋಡಿ ಬೆಲೆ ಕಟ್ಟುವುದಾದರೆ ಅಪಿಸಾಲೋಮೆ ಗಟ್ಟಿ ಮಾಲು. ಬಾಗಿಲು ತುಂಬುವ ಮೈ, ಬಿಸಿಲು ಮಳೆಗೆ ಬಣ್ಣ ಬಿಡದ ಸ್ವಭಾವ, ಬೆಳಿಗ್ಗೆ ಹೇಳಿದ್ದನ್ನು ಸಂಜೆಗೆ ಮರೆಯದ ತಲೆ. ದೋಷ ಒಂದೇ: ‘ಇಲ್ಲ’ ಎಂಬ ಮಾತು ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ನಾನು ದ್ವೀಪನಾಡಿನ ಸುವಾ ಬಂದರಿನಲ್ಲಿ ಕಾಗದ, ಶಾಯಿ ಮಾರುವವನು. ಅವನು ಎದುರಿನ ಪೊನ್ಸಾಮಿ ಗೌಂಡರ್ ಅವರ ಹಡಗು ಕಂಪನಿಯ ನೌಕರ. ಇಂಥ ದೋಷದವನು ಎದುರಿಗಿದ್ದರೆ ಶಾಯಿಯ ವ್ಯಾಪಾರಕ್ಕೆ ಕೆಡುಕೇನಿಲ್ಲ.

ಬಾಡಿಗೆ ಉಳಿಸಲು ಗೌಂಡರ್ ಮಹಡಿಯ ಕಚೇರಿ ಬಿಟ್ಟುಕೊಟ್ಟು, ಗುಮಾಸ್ತರನ್ನೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿದರು. ತಾವೂ ವಾತದ ಕಾಲು ಚಾಚಿಕೊಂಡು ನೌಸೋರಿಯ ಮನೆಯಲ್ಲೇ ಕುಳಿತರು. ಆದರೆ ಹಡಗಿನ ಕಪ್ತಾನ ಕಾಲ ಬದಲಾದದ್ದನ್ನು ಒಪ್ಪಲಿಲ್ಲ. ಸರಕಿನ ಪಟ್ಟಿ ಕಾಗದದಲ್ಲಿ ಕೈಗೆ ಬಾರದೆ ಅವನು ಹಗ್ಗ ಬಿಚ್ಚುತ್ತಿರಲಿಲ್ಲ. ಹಾಗಾಗಿ ಪ್ರಿಂಟರ್ ಮಾತ್ರ ಹಡಗು ಕಟ್ಟುವ ಧಕ್ಕೆಯ ತಗಡಿನ ಶೆಡ್ಡಿನಲ್ಲಿ ಉಳಿಯಿತು. ಅದನ್ನು ಎಲ್ಲರ ಮನೆಗೂ ಜೋಡಿಸುವ ಕೆಲಸ ಅಪಿಸಾಲೋಮೆಯ ಪಾಲಿಗೆ ಬಂತು.

ತಗಡಿನೊಳಗೆ ಸಿಗ್ನಲ್ ಸಿಗದೆ ಇಂಟರ್ನೆಟ್ಟಿನ ಡಬ್ಬಿಯನ್ನು ಮೀನಿನ ದಾರದಲ್ಲಿ ಕಿಟಕಿಯ ಹೊರಗೆ ತೂಗುಬಿಟ್ಟ. ಲೆವುಕಾ ದ್ವೀಪದಲ್ಲಿದ್ದ ಗುಮಾಸ್ತೆ ವಸೀತಿಗೆ ಫೋನಿನಲ್ಲಿ ಪಾಠ ಹೇಳಿದ.

“ಅಕ್ಕ, ನಿಮ್ಮನೇದಲ್ಲ, ಧಕ್ಕೇದನ್ನ ಒತ್ತಿ.”

“ಒತ್ತಿದೆ. ಏನೂ ಬರ್ಲಿಲ್ವಲ್ಲೋ.”

“ನಿಮ್ಗೆ ಬರಲ್ಲ. ನನಗೆ ಬರತ್ತೆ. ಬಂತು ನೋಡಿ.”

“ಕೆಲಸ ನಂದು, ಬರೋದೆಲ್ಲ ನಿಂಗೆ. ಥೇಟ್ ನನ್ನ ಗಂಡನ ಹಾಗೇ ಇದೀಯ.”

ಕಳಿಸಿದ ಹಾಳೆ ಕ್ಲೌಡಿನಲ್ಲಿ ಕಾದಿರುತ್ತದೆ. ಪ್ರಿಂಟರ್ ಮುಂದೆ ನಿಂತು ನಂಬರ್ ಒತ್ತಿದವರಿಗಷ್ಟೇ ಹೊರಗೆ ಬರುತ್ತದೆ. ಕಂಪನಿಯವರಿಗಲ್ಲದೆ ಯಾರಿಗೂ ನಂಬರ್ ಕೊಡಕೂಡದು ಎಂದು ಗೌಂಡರ್ ತಾಕೀತು ಮಾಡಿದ್ದರು. ಅಪಿಸಾಲೋಮೆ ಆಗಲಿ ಎಂದಿದ್ದ. ಅವನು ಎಲ್ಲದಕ್ಕೂ ಆಗಲಿ ಎನ್ನುವವನೇ.

ಅವನ ಸೋದರಮಾವನ ಮಗ ವಿಲಿಕೇಸಾ ಕಂಡಾವು ದ್ವೀಪದವರ ಚರ್ಚಿನಲ್ಲಿ ಹಾಡಿಸುವವನು. ಒಂದು ದಿನ ಶೆಡ್ಡಿಗೆ ಬಂದ.

“ಏ ಭಾವ, ಇನ್ನೂ ಊದಿದೀಯಲ್ಲೋ! ಹಡಗಿಗೆ ಹಾಕೋ ಮೂಟೆ ಮನೆಗೆ ಹೊತ್ಕೊಂಡು ಹೋಗ್ತೀಯೇನೋ?”

“ನಿನ್ನ ಹಾಡು ಕೇಳಿ ಓಡೋಕೆ ಕಾಲಲ್ಲಿ ಬಲ ಬೇಕಲ್ಲಪ್ಪಾ. ಏನ್ ಬೇಕು ಹೇಳು.”

“ಕೆರೆಕೆರೆ ಕಣೋ. ಹಾಡಿನ ಹಾಳೆ ತೆಗೀಬೇಕು.”

ಇಲ್ಲಿ ನೆಂಟ ಬಾಯಿಬಿಟ್ಟು ‘ಕೆರೆಕೆರೆ’, ಅಂದರೆ ‘ದಯವಿಟ್ಟು ಕೊಡು’, ಎಂದ ಮೇಲೆ ಕೊಡಬೇಕು, ಅಷ್ಟೇ. ಅಪಿಸಾಲೋಮೆ ಅವನನ್ನೂ ಕಂಪನಿಯ ನೌಕರನೆಂದು ಸೇರಿಸಿ ನಂಬರ್ ಕೊಟ್ಟ. ವಿಲಿಕೇಸಾನಿಗೂ ನೆಂಟರಿದ್ದರು, ಅವರೂ ಅವನ ನಂಬರ್ ಕೇಳಿದರು. ಮದುವೆಯ ಕರೆಯೋಲೆ, ರಗ್ಬಿ ಪಂದ್ಯದ ಚೀಟಿ, ಕಳೆದುಹೋದ ಹಂದಿಯ ಚಿತ್ರ, ಎಲ್ಲ ಅಲ್ಲಿಂದಲೇ ಹೊರಟವು. ಆ ನಂಬರಿನ ಲೆಕ್ಕದಲ್ಲಿ ನೋಡಿದರೆ ಸುವಾದಲ್ಲಿ ವಿಲಿಕೇಸಾನಷ್ಟು ದುಡಿಯುವ ಗುಮಾಸ್ತ ಇನ್ನೊಬ್ಬನಿರಲಿಲ್ಲ.

ಕಂಡಾವಿಗೆ ಮೀನುಗಾರರ ಮಂಜುಗಡ್ಡೆ ಹೊತ್ತು ಹಡಗು ಹೊರಡುವ ದಿನ ವಸೀತಿ ಪಟ್ಟಿ ಕಳಿಸಿದಾಗ ಶಾಯಿ ಮುಗಿದಿತ್ತು. ಕೊನೆಯ ಹನಿ ಹಂದಿಗೆ ಹೋಗಿತ್ತು. ನಾನು ಊಟಕ್ಕೆಂದು ಅಂಗಡಿ ಮುಚ್ಚಿದ್ದೆ. ಶಾಯಿ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಕತ್ತಲಲ್ಲಿ ಹವಳದ ಬಂಡೆಸಾಲು ದಾಟುವುದಿಲ್ಲ ಎಂದು ಕಪ್ತಾನ ಕುಳಿತುಬಿಟ್ಟ. ಮಂಜುಗಡ್ಡೆಯೆಲ್ಲ ಕರಗಿ ಧಕ್ಕೆಯಿಂದ ಸಮುದ್ರಕ್ಕೆ ಹರಿಯಿತು.

ಶಾಯಿ ಹೋದ ದಾರಿ ತಿಳಿದು ಮರುದಿನ ಗೌಂಡರ್ ಫೋನ್ ಮಾಡಿದರು.

“ಕಾಗದ ಒಂದು ಕಳಿಸಿದೀನಿ. ತೆಗೆದು ಕವರಿಗೆ ಹಾಕು.”

“ಯಾರ ಹೆಸರಿಗೆ ಬಾಸ್?”

“ನಿನ್ನ ಹೆಸರಿಗೇ. ನಿನ್ನನ್ನ ಕೆಲಸದಿಂದ ತೆಗೆದಿದೀನಿ.”

ಅಪಿಸಾಲೋಮೆ ತೆಗೆದು ಓದಿದ. ಊರಿನಿಂದ ಓದಲು ಬಂದ ತಂಗಿ-ತಮ್ಮಂದಿರ ಮಕ್ಕಳೆಲ್ಲ ಅವನ ಮನೆಯಲ್ಲೇ ಇದ್ದರು. ಅಷ್ಟೂ ತಟ್ಟೆಗಳು ಈ ಒಂದು ಕೆಲಸದ ಮೇಲೆ ನಿಂತಿದ್ದವು.

“ಅಚ್ಚು ಚೆನ್ನಾಗಿ ಬಂದಿದೆ ಬಾಸ್. ಆದ್ರೆ ನಿಮ್ಮ ಸಹಿ ಇಲ್ಲ.”

“ಸಹಿ ಇಲ್ದಿದ್ರೆ?”

“ಸಹಿ ಇಲ್ದಿರೋ ಕಾಗದ ನಡೆಯಲ್ಲ ಅಂತ ನೀವೇ ಹೇಳಿದ್ರಲ್ಲ. ತರ್ತೀನಿ.”

ಒಗೆದ ಅಂಗಿ ತೊಟ್ಟು, ಸಂತೆಯಲ್ಲಿ, ಇಲ್ಲಿಯವರು ಅರೆದು ಕುಡಿಯುವ, ಕಾಣಿಕೆಗೂ ಇಡುವ ಯಾಂಗೋನ ಬೇರಿನ ಒಂದು ದಪ್ಪ ಕಟ್ಟು ಕೊಂಡು ಬಸ್ ಹತ್ತಿದ. ನೌಸೋರಿಯಲ್ಲಿ ಗೌಂಡರ್ ಅವರ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತು, ಕಟ್ಟನ್ನು ಮುಂದಿಟ್ಟು, ತಪ್ಪಾಯಿತು ಎಂದು ಕೇಳಿಕೊಂಡು, ಅಂಗೈ ಬೋಗುಣಿಯಂತೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಗೌಂಡರ್ ಅಜ್ಜನ ಕಾಲದಿಂದ ಈ ನೆಲದವರು. ಹೀಗೆ ಇಟ್ಟ ಬೇರನ್ನು ಕೈಯಿಂದ ಮುಟ್ಟಿದರೆ ಕ್ಷಮಿಸಿದಂತೆ ಎಂಬುದು ಅವರಿಗೆ ಗೊತ್ತಿತ್ತು. ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು.

“ಇದೆಲ್ಲ ನಂಗೆ ಬೇಡ. ಕಾಗದ ಎಲ್ಲಿ?”

“ಅದರ ಕೆಳಗಿದೆ ಬಾಸ್.”

ಗೌಂಡರ್ ಕಟ್ಟನ್ನು ನೋಡಿದರು. ಬಾಗಿಲಲ್ಲಿದ್ದ ಹೆಂಡತಿಯನ್ನು ನೋಡಿದರು.

“ನನ್ನ ಯಾಕೆ ನೋಡ್ತೀರಿ? ನಾನಂತೂ ಮುಟ್ಟಲ್ಲ,” ಎಂದರು ಆಕೆ. “ಮಂಜುಗಡ್ಡೆ ಆಗ್ಲೇ ಕರಗಿದೆ. ನೀವಿನ್ನೂ ಯಾಕೆ ಗಟ್ಟಿ ಕೂತಿದೀರಿ?”

ಗೌಂಡರ್ ಬೇರು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕಾಗದವನ್ನು ವಾತದ ಕಾಲಿನ ಕೆಳಗೆ ತಳ್ಳಿದರು.

“ನಾಳೆ ನಿನ್ನ ಭಾವ ಮತ್ತೆ ಬರ್ತಾನಲ್ಲ, ಅವನಿಗೆ ಏನ್ ಹೇಳ್ತೀಯ?”

“ನಾನು ಹೇಳಲ್ಲ ಬಾಸ್. ಮಷಿನ್ನೇ ಹೇಳತ್ತೆ.”

ಆ ಸಂಜೆಯೇ ಅವನು ಹಳೆಯ ನಂಬರುಗಳನ್ನೆಲ್ಲ ಅಳಿಸಿದ. ಹೆಸರು ಸೇರಿಸುವ, ತೆಗೆಯುವ ಅಧಿಕಾರವನ್ನು ಲೆವುಕಾದ ವಸೀತಿಗೆ ಒಪ್ಪಿಸಿ, ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡ. ಮರುದಿನ ವಿಲಿಕೇಸಾ ಬಂದು ನಂಬರ್ ಒತ್ತಿದ. ಮಷಿನ್ನು ಕೆಂಪು ದೀಪ ತೋರಿಸಿತು. ಇನ್ನೊಮ್ಮೆ ಒತ್ತಿದ.

“ಏನೋ ಇದು? ಕೆರೆಕೆರೆ ಅಂತ ಹೇಳು ಅದಕ್ಕೆ.”

“ಹೇಳಿದ್ರೂ ಕೇಳಲ್ಲ ಭಾವ. ಅದಕ್ಕೆ ನೆಂಟರಿಲ್ಲ.”

ವಿಲಿಕೇಸಾ ಮಷಿನ್ನನ್ನು ಬಹಳ ಹೊತ್ತು ನೋಡಿದ. “ಪಾಪ,” ಎಂದ. ಅದರ ಬೆನ್ನು ತಟ್ಟಿ ನನ್ನ ಅಂಗಡಿಗೆ ಬಂದು, ನನ್ನ ಪ್ರಿಂಟರಿನಲ್ಲಿ ದುಡ್ಡು ಕೊಟ್ಟು ಹಾಳೆ ತೆಗೆಸಿಕೊಂಡ.

ಮುಂದೆ ನನ್ನ ಹೆಂಡತಿ ಹಾಸಿಗೆ ಹಿಡಿದಾಗ, ನಾನು ಕೇಳುವ ಮೊದಲೇ ಅಪಿಸಾಲೋಮೆ ಬಂದು, ಮನೆಯಿಂದಲೇ ಪ್ರಿಂಟರಿಗೆ ಕಳಿಸುವ ಅದೇ ಏರ್ಪಾಡನ್ನು ನನ್ನ ಅಂಗಡಿಗೂ ಹೂಡಿದ. ಅವಳಿದ್ದಷ್ಟು ದಿನವೂ ನಾನು ಅವಳ ಪಕ್ಕದಲ್ಲಿ ಕುಳಿತೇ ಅಂಗಡಿಯ ಬಿಲ್ಲು ಕಳಿಸಿದೆ. ಆ ದಿನಗಳು ನನಗೆ ಸಿಕ್ಕಿದ್ದು ಅವನಿಂದ.