ಮಾಟಗಾರನಿಗೆ ಒಯ್ದ ರೊಟ್ಟಿ

ಒತೀಲಿಯ ಯಾರನ್ನೂ ನಂಬಿದ ಹೆಂಗಸಲ್ಲ. ಚಿಲೋಯೆ ದ್ವೀಪದಲ್ಲಿ ಹುಟ್ಟಿದವರಿಗೆ ಅನುಮಾನ ತಾಯಿಹಾಲಿನ ಜೊತೆಗೇ ಬರುತ್ತದೆ, ನಿಜ. ಆದರೆ ಇವಳದು ಒಂದು ಕೈ ಹೆಚ್ಚೇ. ಪಾದ್ರಿ ಕ್ಷೇಮ ವಿಚಾರಿಸಿದರೆ, ಇವನಿಗ್ಯಾಕೆ ಬೇಕು ನನ್ನ ಕ್ಷೇಮ ಎನ್ನುವಳು. ಗಂಡ ದೋಣಿಯ ಸಮೇತ ಕಡಲು ಸೇರಿದಾಗ ಊರವರು ಪಾಪ ಇವಳ ಒಲೆಗೆಂದು ಸೌದೆ ತಂದು ಒಟ್ಟಿದರು. ಇವರ ಕಣ್ಣು ನನ್ನ ಆಲೂಗಡ್ಡೆ ಹೊಲದ ಮೇಲಿದೆ ಎಂದು ಅಷ್ಟನ್ನೂ ವಾಪಸು ಹೊರಿಸಿದಳು.

ಅಂಥವಳ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಊಟ ಸೇರದೆ, ಉಟ್ಟ ಲಂಗ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು. ನರ್ಸಮ್ಮ ಕೊಟ್ಟ ಗುಳಿಗೆಯನ್ನು ಮೂಸಿ ನೋಡಿ ಒಲೆಗೆ ಹಾಕಿದಳು. ಇದು ಕಾಯಿಲೆಯಲ್ಲ, ಯಾರೋ ಕೆಡುಕು ತೂರಿದ್ದಾರೆ. ನಮ್ಮ ಕಡೆ ಮಾಟವನ್ನು ಮಾಡುವುದಿಲ್ಲ, ತೂರುತ್ತಾರೆ, ಬೇಲಿಯಾಚೆಯಿಂದ ಕಲ್ಲು ತೂರಿದ ಹಾಗೆ. ಇವಳ ಬೇಲಿಯಾಚೆ ಇದ್ದವನು ಬಾರಿಯ ಎಂಬ ಮುದುಕನೊಬ್ಬನೇ. ಒಂಟಿ ಮನುಷ್ಯ, ಕುಂಟುಗಾಲು, ಮಾತು ಕಡಿಮೆ. ಸಾಕ್ಷಿಗೆ ಇನ್ನೇನು ಬೇಕು!

ಬೇರುನಾರಿನ ಮದ್ದು ಕೊಡುವ ಮೆಲಾನಿಯಜ್ಜಿಯ ಬಳಿಗೆ ಹೋದಳು.

"ಹೀಗೇ ಆದ್ರೆ ನಾನು ಈ ಚಳಿಗಾಲ ದಾಟಲ್ಲ ಅಜ್ಜಿ. ಆ ಬಾರಿಯನ ಕೈ ಕಟ್ಟೋಕೆ ಏನಾದ್ರೂ ಕೊಡಿ."

ಅಜ್ಜಿ ಅವಳ ಕಣ್ಣಿನ ಕೆಳಗಿನ ಕಪ್ಪನ್ನೇ ನೋಡಿದಳು. "ಕೊಡ್ಬೇಕಾದೋಳು ನೀನು ಕಣೆ. ವಾರವಾರ ಕೈಯಾರೆ ಅಡುಗೆ ಮಾಡಿ ಅವ್ನಿಗೆ ಒಯ್ದು ಕೊಡು. ನಿನ್ನ ಉಪ್ಪು ತಿಂದ ಮೇಲೆ ಅವ್ನ ಕೈ ನಿನ್ನ ಮೇಲೆ ಏಳಲ್ಲ. ಆದ್ರೆ ಬಿಸಾಕಿ ಬರೋ ಹಾಗಿಲ್ಲ. ನಿಂತು ಮಾತಾಡಿಸ್ಬೇಕು. ಒಂದೂ ಕಹಿ ಮಾತು ಬರ್ಬಾರ್ದು."

"ಮಾಟಗಾರನ ಹತ್ರ ಏನ್ ಮಾತಾಡ್ಲಿ?"

"ಕಾಲು ಹೆಂಗಿದೆ ಅಂತ ಕೇಳು."

"ನಿಮಗೂ ಅವ್ನಿಗೂ ಒಳಗೊಳಗೇ ಏನಾದ್ರೂ ಇದ್ಯಾ?"

"ನಂಗೆ ಹಲ್ಲಿಲ್ಲ, ಅವ್ನಿಗೆ ಕಾಲಿಲ್ಲ. ಏನಿರುತ್ತೆ? ಎದ್ದು ಹೋಗು ಅತ್ಲಾಗೆ."

ಒತೀಲಿಯ ಆಲೂಗಡ್ಡೆ ತುರಿದು, ಹಂದಿಯ ಕೊಬ್ಬು ಬೆರೆಸಿ ಮಿಲ್ಕಾವೊ ರೊಟ್ಟಿ ಸುಟ್ಟಳು. ಇವತ್ತು ಮಂಗಳವಾರ, ನಾಳೆ ಮಂಗಳವಾರ, ವಾರವೆಲ್ಲ ಮಂಗಳವಾರ ಎಂದು ಗುನುಗುತ್ತಾ ಹೊರಟಳು. ಹಾಗೆ ಗುನುಗಿದರೆ ಮಾಟಗಾರನ ಕಿವಿ ಮುಚ್ಚುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬಾಗಿಲನ್ನು ಒಂದಿಷ್ಟೇ ತೆರೆದ ಬಾರಿಯ, ತಟ್ಟೆಯನ್ನು ಕೈ ಚಾಚಿ ದೂರದಿಂದಲೇ ಇಸಿದುಕೊಂಡ.

"ಕಾಲು ಹೆಂಗಿದೆ?"

ಅವನು ತನ್ನ ಕಾಲನ್ನು ನೋಡಿದ, ಆಮೇಲೆ ಇವಳನ್ನು. "ಯಾಕೆ?"

"ಸುಮ್ನೆ."

"ಇದೆ, ಹಂಗೇ." ಬಾಗಿಲು ಮುಚ್ಚಿತು.

ಮುಂದಿನ ವಾರ ಕಾಲು ಥಂಡಿಗೆ ಊದುತ್ತದೆ ಎಂದ. ಅದರ ಮುಂದಿನ ವಾರ ಇವಳು ಉಣ್ಣೆಯ ಕಾಲುಚೀಲ ಹೆಣೆದುಕೊಂಡು ಹೋದಳು, ಮದ್ದು ಬೇಗ ಹತ್ತಲಿ ಎಂದು. ಅವನ ಸೌದೆ ನೆನೆದಿರುವುದು ಕಂಡಿತು. ಕಹಿ ಮಾತಾಡುವಂತಿಲ್ಲವಲ್ಲ, ಹಾಳಾಗಿಹೋಗಲಿ ಎಂದು ತಾನೇ ಎತ್ತಿ ಒಳಗಿಟ್ಟಳು. ಬರಬರುತ್ತಾ ಈ ವಾರ ಏನು ಬೇಯಿಸಲಿ ಎಂಬ ಯೋಚನೆ ಹೊಲದಲ್ಲೇ ಶುರುವಾಗುತ್ತಿತ್ತು. ಎದೆಯ ಮೇಲೆ ಕೂತಿದ್ದು ಯಾವಾಗ ಎದ್ದುಹೋಯಿತೋ ತಿಳಿಯಲೇ ಇಲ್ಲ. ಬೆಳಗಿನವರೆಗೂ ಗೊರಕೆ ಹೊಡೆದಳು. ಎದ್ದವಳು, ಇದೇನು ಹೊಸ ಮಾಟವೋ ಎಂದು ಆ ನಿದ್ದೆಯನ್ನೂ ಅನುಮಾನಿಸಿದಳು. ಕೊನೆಗೆ, ತಿನ್ನುತ್ತಿದ್ದಾನೆ, ಅವನ ಕೈ ಕಟ್ಟಿಹೋಗಿದೆ ಎಂದು ಸಮಾಧಾನ ಮಾಡಿಕೊಂಡಳು.

ಚಳಿಗಾಲದಲ್ಲಿ ಬಾರಿಯ ತನ್ನ ಹಂದಿ ಕಡಿದ. ಹಂದಿ ಕಡಿದ ಮನೆಯಿಂದ ನೆರೆಮನೆಗೆ ಒಂದು ತಟ್ಟೆ ಹೋಗಲೇಬೇಕು, ಅದು ನಮ್ಮಲ್ಲಿ ಪಾದ್ರಿಯ ಮಾತಿಗಿಂತ ದೊಡ್ಡ ಕಟ್ಟಳೆ. ಕುಂಟುತ್ತಾ ಅವನೇ ತಂದ. ಈ ಸಲ ಬಾಗಿಲನ್ನು ಒಂದಿಷ್ಟೇ ತೆರೆದವಳು ಒತೀಲಿಯ.

"ಏನಿದೆ ಇದ್ರಲ್ಲಿ?"

"ಹಂದಿ. ನೀವೇ ಮೇಯ್ಸಿದ್ದು."

"ನಾನಾ?"

"ಬೇಜಾರು ಮಾಡ್ಕೋಬೇಡಿ ಒತೀಲಿಯಮ್ಮ. ಕರೀದೆ ಬಂದು ಊಟ ಕೊಡೋ ಹೆಂಗ್ಸು, ಅದೂ ನೀವು. ನಂಗೂ ಜೀವದ ಮೇಲೆ ಆಸೆ ಇದೆ. ಎಲ್ಲಾನೂ ಹಂದಿಗೆ ಹಾಕ್ದೆ. ಅದು ಸಾಯ್ಲಿಲ್ಲ, ಕೊಬ್ತು. ಆಗ ಗೊತ್ತಾಯ್ತು ನೀವು ಮಾಟಗಾತಿ ಅಲ್ಲ ಅಂತ."

ಒತೀಲಿಯಳ ಮೈಯೆಲ್ಲ ಉರಿಯಿತು. ಅಷ್ಟೂ ಆಲೂಗಡ್ಡೆ, ಅಷ್ಟೂ ಕೊಬ್ಬು, ತುರಿದು ತುರಿದು ಬಿದ್ದುಹೋದ ರಟ್ಟೆ! ಆಮೇಲೆ ಸಿಟ್ಟು ಇಳಿದು ಭಯ ಹತ್ತಿತು.

"ನೀವು ಒಂದು ತುತ್ತೂ ತಿನ್ಲಿಲ್ವಾ?"

"ಇಲ್ಲ."

"ಮತ್ತೆ ನೀವು ತೂರಿದ್ದನ್ನ ತೆಗೆದಿದ್ದು ಯಾರು? ನಂಗೆ ನಿದ್ದೆ ಬರ್ತಿದ್ಯಲ್ಲ."

ಬಾರಿಯ ತನ್ನ ಕುಂಟುಗಾಲನ್ನು ಮುಂದೆ ಚಾಚಿ ತೋರಿಸಿದ. "ನಂಗೆ ಮಾಟ ಬರ್ತಿದ್ರೆ ಮೊದ್ಲು ಈ ಕಾಲು ನೆಟ್ಟಗೆ ಮಾಡ್ಕೋತಿರ್ಲಿಲ್ವಾ?" ಎಂದ. ಹೋಗಲು ತಿರುಗಿದವನು ನಿಂತ. "ನಿಮ್ಮನ್ನ ಮಾಟಗಾತಿ ಅಂದ್ಕೊಂಡಿದ್ದಾಗ್ಲೂ ನೀವು ಬರೋ ದಿನ ಗಡ್ಡ ಬೋಳಿಸ್ಕೋತಿದ್ದೆ. ಕಾಲು ಹೆಂಗಿದೆ ಅಂತ ಬೇರೆ ಯಾರೂ ಕೇಳಿರ್ಲಿಲ್ಲ, ನೋಡಿ."

ಮದ್ದು ತಿಂದಿದ್ದು ಹಂದಿ. ಗುಣವಾದವಳು ಹೊತ್ತುಕೊಂಡು ಹೋದವಳು. ಆ ಹಲ್ಲಿಲ್ಲದ ಮುದುಕಿ ಎಂಥ ಮೋಸ ಮಾಡಿದಳು! ಒತೀಲಿಯಳಿಗೆ ನಗು ಬಂತು. ಬಾಗಿಲನ್ನು ಪೂರ್ತಿ ತೆರೆದಳು.

"ಒಳಗ್ ಬನ್ನಿ, ಥಂಡಿಗೆ ಕಾಲು ಊದುತ್ತೆ."

ಮೇಜಿನ ಮೇಲೆ ತಟ್ಟೆಯಿಟ್ಟು ಇಬ್ಬರೂ ಎದುರುಬದುರು ಕೂತರು. ಯಾರೂ ಕೈ ಹಾಕಲಿಲ್ಲ.

"ಮೊದ್ಲು ನೀವು ತಿನ್ನಿ," ಎಂದಳು ಒತೀಲಿಯ.

ಬಾರಿಯ ಒಂದು ತುಂಡು ಬಾಯಿಗಿಟ್ಟ. ಅವನು ಅಗಿದು ನುಂಗುವವರೆಗೂ ಅವನ ಗಂಟಲನ್ನೇ ನೋಡುತ್ತಿದ್ದು, ಆಮೇಲೆ ಅದೇ ತಟ್ಟೆಯಿಂದ ತಾನೂ ತಿಂದಳು.