ಸಪನಾ ಕಂಡ ಅಂಟು

ಸಾಂಗಲಿ-ಮಿರಜ ರಸ್ತೆಯ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ವರ್ಷಗಳವು. ವಿಶ್ರಾಮಬಾಗದಲ್ಲಿ ಇವತ್ತು ಹೊಲವಿದ್ದ ಕಡೆ ನಾಳೆ ಪಾಯ ತೋಡುತ್ತಿದ್ದರು. ಶಿದ್ರಾಮ ಆ ಕಟ್ಟಡಗಳ ಗೌಂಡಿ. ಹೆಂಡತಿ ಪದ್ಮವ್ವ ಅಲ್ಲೇ ಬುಟ್ಟಿಯಲ್ಲಿ ಸಿಮೆಂಟು ಹೊರುತ್ತಿದ್ದಳು. ಇಂಡಿ ಕಡೆಯಿಂದ ಬಂದು ಮಿರಜದ ರೈಲು ಹಳಿಯಾಚೆ ತಗಡಿನ ಮನೆ ಹಾಕಿಕೊಂಡಿದ್ದರು. ಒಬ್ಬಳೇ ಮಗಳು ಸಪನಾ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಏನು ಓದುತ್ತಾಳೆಂದು ಓಣಿಯವರು ಕೇಳಿದರೆ ಪದ್ಮವ್ವ, “ಕಣ್ಣಿಗೆ ಕಾಣದ ಹುಳದ ಶಾಲಿಗೆ ಹೊಕ್ಕಾಳ” ಎನ್ನುತ್ತಿದ್ದಳು.

ಪದ್ಮವ್ವನಿಗೆ ಒಂದು ಕಾಟವಿತ್ತು. ಉರಿಮೂತ್ರ, ಜ್ವರ, ಸೊಂಟನೋವು. ಗುಳಿಗೆ ನುಂಗಿದರೆ ಹೋಗುವುದು, ಕೆಲವೇ ವಾರಗಳಲ್ಲಿ ಮತ್ತೆ ಬರುವುದು.

“ಹೋದದ್ದು ಮತ್ತ ಎಲ್ಲಿಂದ ಬರತೈತಿ?” ಎಂದು ಒಮ್ಮೆ ಅವಳು ಮಗಳನ್ನೇ ಕೇಳಿದಳು. ಸಪನಾ ಆ ಪ್ರಶ್ನೆಯನ್ನು ಹೊತ್ತು ತನ್ನ ಪ್ರಾಧ್ಯಾಪಕಿ ವೃಷಾಲಿ ಮೇಡಂ ಬಳಿ ಹೋದಳು. ಸಾಂಗಲಿ ಹತ್ತಿರದ ಕಸಬೆ ಡಿಗ್ರಜದ ಜೈನ ರೈತರ ಮನೆಯಲ್ಲಿ ಹಿರಿಯರ ಕನ್ನಡ ಕೇಳುತ್ತ ಬೆಳೆದ ವೃಷಾಲಿಗೆ ಕನ್ನಡ ಪೂರಾ ತಿಳಿಯುತ್ತಿತ್ತು, ಮಾತಿನಲ್ಲಿ ಮಾತ್ರ ಆಗಾಗ ಮರಾಠಿ ನುಸುಳುತ್ತಿತ್ತು.

“ಪ್ರಾಜೆಕ್ಟಿಗೆ ವಿಷಯ ಹುಡುಕಾಕತ್ತಿದ್ದಿ ನಾ? ಇದs ವಿಷಯ,” ಎಂದರು ಅವರು. “ಮೂತ್ರ ಹರಿದಾಗೊಮ್ಮೆ ಬ್ಯಾಕ್ಟೀರಿಯಾ ಕೊಚ್ಚಿಕೊಂಡು ಹೋಗಬೇಕು. ಹೋಗಂಗಿಲ್ಲ ಅಂದ್ರ ಅವು ಒಳಗ ಏನರೆ ಹಿಡಕೊಂಡಿರಬೇಕು.”

ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ನವಿರಾದ ಕೂದಲುಗಳಿರುತ್ತವೆ. ಅವುಗಳ ತುದಿಯ ಪ್ರೋಟೀನು ನಮ್ಮ ಮೂತ್ರನಾಳದ ಕೋಶಗಳ ಮೇಲಿರುವ ಒಂದು ಸಕ್ಕರೆಯ ಅಣುವಿಗೆ ಸರಿಯಾಗಿ ಕೂರುತ್ತದೆ. ಅದೇ ಅಣು ರಕ್ತದ ಕೆಂಪು ಕಣಗಳ ಮೇಲೂ ಇದೆ. ಆ ಕೂದಲು ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ. ಆದರೆ ಬ್ಯಾಕ್ಟೀರಿಯಾದ ಜೊತೆ ಕೆಂಪು ಕಣ ಬೆರೆಸಿದಾಗ ಕಣಗಳು ಗಂಟುಗಟ್ಟಿದರೆ, ಹಿಡಿತ ಇದೆ ಎಂದೇ ಅರ್ಥ.

ತಾಯಿಯನ್ನು ನೋಡುತ್ತಿದ್ದ ಡಾಕ್ಟರು ಅವಳ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾ ಕೊಟ್ಟರು. ಸಪನಾ ಅದನ್ನು ಕಾಲೇಜಿನ ಇನ್‌ಕ್ಯುಬೇಟರ್ ಎಂಬ ಬಿಸಿಪೆಟ್ಟಿಗೆಯಲ್ಲಿ ಬೆಳೆಸಿ, ತನ್ನದೇ ಬೆರಳು ಚುಚ್ಚಿ ರಕ್ತ ತೆಗೆದು ಬೆರೆಸಿದಳು. ಗಂಟು ಬರಲಿಲ್ಲ. ಮತ್ತೆ ಮಾಡಿದಳು, ಆಗಲೂ ಇಲ್ಲ. ಅವಳು ಸೋತು ಕೂತಿದ್ದಾಗ ಪ್ರಯೋಗಾಲಯದ ದೀಪ ಹೋಯಿತು. ವೃಷಾಲಿ ಮೇಡಂ ತಟ್ಟನೆ ಎದ್ದುನಿಂತರು.

“ಲೋಡ್‌ಶೆಡ್ಡಿಂಗ್! ರಾತ್ರಿ ಕರೆಂಟ್ ಹೋಗಿ ಪೆಟ್ಟಿಗಿ ತಣ್ಣಗಾಗತೈತಿ. ಥಂಡಿಯೊಳಗ ಇವು ಆ ಕೂದಲs ಬೆಳಸಂಗಿಲ್ಲ, ಸಪನಾ! ಮೈಬಿಸಿ ಬೇಕು ಅವಕ್ಕ!”

ಜನರೇಟರ್ ಇದ್ದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜಾಗ ಕೇಳಿ ಬ್ಯಾಕ್ಟೀರಿಯಾವನ್ನು ಬೆಚ್ಚಗೆ ಬೆಳೆಸಿದರು. ಮರುದಿನ ಸಪನಾ ಗಾಜಿನ ಪಟ್ಟಿಯ ಮೇಲೆ ಹನಿಗೆ ಹನಿ ಸೇರಿಸಿ ಮೆಲ್ಲಗೆ ಅಲ್ಲಾಡಿಸಿದಳು. ನಯವಾಗಿದ್ದ ಕೆಂಪು ನೋಡನೋಡುತ್ತಿದ್ದಂತೆ ಒಡೆದು ರವೆ ರವೆಯಾಯಿತು. ಬರಿಗಣ್ಣಿಗೇ ಕಂಡಿತು! ಕೆಲವು ಜಾತಿಯ ಹಿಡಿತವನ್ನು ಮ್ಯಾನೋಸ್ ಎಂಬ ಸಕ್ಕರೆ ತಡೆಯುತ್ತದೆ. ಅದನ್ನು ಬೆರೆಸಿ ಮಾಡಿದಾಗಲೂ ಗಂಟು ಬಂದೇ ಬಂತು. ಅಂದರೆ ಇದು ಮೂತ್ರನಾಳಕ್ಕೆ ಅಂಟುವ ಆ ಕೂದಲಿನದೇ ಹಿಡಿತ.

“ಮೇಡಂ, ಹಿಡಕೊಂಡಾವ! ಬಿಡವಲ್ಲವು!” ಸಪನಾಳ ಕೂಗಿಗೆ ಪಕ್ಕದ ಕೋಣೆಯವರೂ ಓಡಿಬಂದರು.

ಅವಳು ರಿಕ್ಷಾ ಹಿಡಿದು ನೇರ ವಿಶ್ರಾಮಬಾಗಕ್ಕೆ ಹೋದಳು. ಮರಳು ರಾಶಿಯ ಪಕ್ಕದಲ್ಲೇ ತಾಯಿಯನ್ನು ಕೂರಿಸಿ ಉಸಿರು ಬಿಡದೆ ಎಲ್ಲ ಹೇಳಿದಳು.

ಪದ್ಮವ್ವ ಸೀರೆಯ ಅಂಚು ನೋಡಿಕೊಂಡಳು. “ಉತ್ತರಾಣಿ ಮುಳ್ಳು ಸೀರಿಗಿ ಹತ್ತಿದಂಗ ಅನ್ನು.”

“ಹಂಗs ಅವ್ವಾ! ಅದಕ್ಕs ಡಾಕ್ಟರು ಗುಳಿಗಿ ಪೂರಾ ಮುಗಸು, ನೀರು ಬಾಳ ಕುಡಿ ಅಂತಾರ. ಅವು ಗಟ್ಟಿ ಹಿಡಿಯೂದ್ರೊಳಗ ಹೊರಗ ತೊಳಕೊಂಡು ಹೋಗಬೇಕು.”

“ಕುಡದ್ರ ಹೋಗೂದೆಲ್ಲಿ?” ಪದ್ಮವ್ವ ದನಿ ತಗ್ಗಿಸಿದಳು. “ಇಲ್ಲಿ ಗಂಡಸರ ನಡುವ ಮರಿಯಾಗಿ ಕೂಡಾಕ ಜಾಗಾ ಎಲ್ಲೈತಿ? ನಾವೆಲ್ಲ ಸಂಜೀತನ ತುಟಿಗಿ ನೀರು ಹಚ್ಚಂಗಿಲ್ಲ.”

ಸುತ್ತ ಕೂತಿದ್ದ ಕೆಲಸದ ಹೆಂಗಸರು ತಲೆಯಾಡಿಸಿದರು. ಅವರಲ್ಲೊಬ್ಬಳು ಸರುಬಾಯಿ, ತನಗೂ ಅದೇ ಉರಿ ಎಂದಳು. ಸಪನಾ ಎದ್ದು ತಾಯಿಯ ಕೈ ಹಿಡಿದಳು. ಎಲ್ಲರೂ ಕೂಡಿ ಬುಟ್ಟಿ ಸಮೇತ ಹೋಗಿ ಗುತ್ತಿಗೆದಾರ ಬಾಳಾಸಾಹೇಬನ ಮುಂದೆ ನಿಂತರು.

“ಸಾಹೇಬ್ರ, ನಮಗೊಂದು ಸಂಡಾಸ ಕಟ್ಟಸ್ರಿ,” ಎಂದಳು ಪದ್ಮವ್ವ.

ಅವನು ನಕ್ಕ. “ಮನಿಗೆ ಎರಡೆರಡು ಕಟ್ಟಾಕತ್ತೀವಲ್ಲ!”

“ಅವು ಬರೂ ಮಂದಿಗಿ ರೀ. ಕಟ್ಟೂ ಮಂದಿಗಿ?”

ಪದ್ಮವ್ವ ಬುಟ್ಟಿ ಕೆಳಗಿಟ್ಟಳು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಇಟ್ಟರು. ಮೇಲೆ ಕಾಂಕ್ರೀಟ್ ಹಾಕುವವರು ಕಲಸಿದ ಮಾಲು ಬರಲಿಲ್ಲವೆಂದು ಕೂಗತೊಡಗಿದರು. ಬಾಳಾಸಾಹೇಬ ಮೇಲೆ ನೋಡಿದ, ಹೆಂಗಸರನ್ನು ನೋಡಿದ. “ಶಿದ್ರಾಮಾ! ಇಟ್ಟಂಗಿ ತೊಗೋ, ಮೂಲ್ಯಾಗ ಕಟ್ಟು!”

ಶಿದ್ರಾಮ ಅಂದೇ ಗೋಡೆ ಎಬ್ಬಿಸಿದ.

ಪದ್ಮವ್ವ ಈ ಸಲ ಗುಳಿಗೆ ಪೂರ್ತಿ ಮುಗಿಸಿದಳು, ದಿನವಿಡೀ ನೀರು ಕುಡಿದಳು. ಆ ಮಳೆಗಾಲ ಕಳೆದರೂ ಉರಿ ಮರಳಲಿಲ್ಲ. ಸಪನಾಳಿಗೆ ಮಿರಜದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಮುಂದಿನ ಕಟ್ಟಡದಲ್ಲಿ ಹೆಂಗಸರು ಬುಟ್ಟಿ ಎತ್ತುವ ಮೊದಲೇ ಕೇಳಿದರು, “ಸಂಡಾಸ ಎಲ್ಲಿ ಕಟ್ಟಸ್ತೀರಿ?”